ಏಳೂವರೆಗೆ ಮನೆಯಲ್ಲಿ ಸಿಗುವವರು

ಫೆಬ್ರವರಿ ೬, ಸೋಮವಾರ

ಇವತ್ತು ನಾಲ್ಕನೆಯ ಸಲ ವಿಚಾರಣೆ ಮುಂದಕ್ಕೆ ಹೋಯಿತು. ಮೊದಲ ಸಲ ದುಭಾಷಿಗೆ ಜ್ವರ. ಎರಡನೆಯ ಸಲ ಆರೋಪಿಯ ವಕೀಲ ಬದಲಾದ. ಮೂರನೆಯ ಸಲ ನ್ಯಾಯಾಧೀಶರು ರಜೆ. ಇವತ್ತು ಆರೋಪಿಯೇ ಬರಲಿಲ್ಲ, ನೋಟಿಸನ್ನು ಹಳೆಯ ವಿಳಾಸಕ್ಕೆ ಕಳಿಸಿದ್ದರಂತೆ. ನಾನು ಮಾತ್ರ ನಾಲ್ಕು ಸಲವೂ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹತ್ತು ನಿಮಿಷ ಮೊದಲೇ ಹೋಗಿ ಕೂತಿದ್ದೆ.

ಔಷಧಿ ಅಂಗಡಿಯವರು ವರ್ಷವರ್ಷ ಪುಕ್ಕಟೆ ಕೊಡುವ ಈ ಡೈರಿಯಲ್ಲಿ ಇದುವರೆಗೆ ರಕ್ತದೊತ್ತಡ ಮತ್ತು ಜಾಮ್ ಕಾಯಿಸಿದ ದಿನ, ಇಷ್ಟೇ ಬರೆಯುತ್ತಿದ್ದೆ. ಈ ವರ್ಷ ಸಿಟ್ಟನ್ನೂ ಬರೆಯುತ್ತೇನೆ. ಎಲ್ಲಾದರೂ ಇಡಬೇಕಲ್ಲ. ನನ್ನ ಗಂಡ ಎರ್ವಿನ್ ಎದುರಿಗೆ ಆ ವಿಷಯ ಎತ್ತಿದರೆ ಅವನ ಬಲಗೈ ನಡುಗಲು ಶುರುವಾಗುತ್ತದೆ.

ಹದಿನಾರು ತಿಂಗಳ ಹಿಂದೆ ಗಾಯನ ಸಂಘದ ಅಭ್ಯಾಸ ಮುಗಿಸಿ ಸಂಜೆ ಮನೆಗೆ ಬರುತ್ತಿದ್ದ ನನ್ನ ಗಂಡನ ತಲೆಗೆ ಬಸ್ ನಿಲ್ದಾಣದಲ್ಲಿ ಒಬ್ಬ ಬಾಟಲಿಯಿಂದ ಹೊಡೆದ. ಚೀಲ ಕಿತ್ತುಕೊಂಡು ಓಡಿದ. ಚೀಲದಲ್ಲಿ ಇದ್ದದ್ದು ಹಾಡಿನ ಪುಸ್ತಕ ಮತ್ತು ಅರ್ಧ ಸೇಬು. ಬೇಕರಿಯ ಹುಡುಗಿ ಕಣ್ಣಾರೆ ನೋಡಿದ್ದಾಳೆ, ಗುರುತು ಹಿಡಿದಿದ್ದಾಳೆ. ಆದರೂ ಪತ್ರಿಕೆಯವರು 'ಶಂಕಿತ' ಎಂದೇ ಬರೆಯುತ್ತಾರೆ. ಮೂರು ತಿಂಗಳು ಒಳಗಿಟ್ಟು ಬಿಟ್ಟುಬಿಟ್ಟರು. ಈ ಶಂಕಿತನಿಗೆ ಕಚೇರಿಯ ಕಡತದಲ್ಲಿ ಮೂರು ಹೆಸರು, ಎರಡು ಹುಟ್ಟಿದ ದಿನ. ಆಶ್ರಯ ಕೇಳಿ ಹಾಕಿದ ಅರ್ಜಿ ತಿರಸ್ಕಾರವಾಗಿ ಎರಡು ವರ್ಷವಾಯಿತು. ಯಾವ ದೇಶವೂ ಇವನು ನಮ್ಮವನು ಎಂದು ಕಾಗದ ಕೊಡುವುದಿಲ್ಲ, ಆದ್ದರಿಂದ ನಮ್ಮ ಊರಿನವನಾಗಿಬಿಟ್ಟಿದ್ದಾನೆ.

ಎರ್ವಿನ್ ಅಂದಿನಿಂದ ಮನೆಯ ಹೊಸ್ತಿಲು ದಾಟಿಲ್ಲ. ವೈದ್ಯರು ಮನೆಗೇ ಬರಬೇಕು. ಕ್ಷೌರ ನಾನೇ ಮಾಡುತ್ತೇನೆ, ಕಿವಿಯ ಹತ್ತಿರ ಪ್ರತಿ ಸಲ ಹಾಳಾಗುತ್ತದೆ. ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದಾನೆ: "ಅವನು ಊರು ಬಿಡ್ಲಿ ಲಿಂಡೆ, ಮಾರನೇ ದಿನ ನಾನು ಹೊರಗೆ ಬರ್ತೀನಿ."

ನನಗೆ ಬೇಕಾದದ್ದು ಇಷ್ಟೇ. ಆ ಮನುಷ್ಯ ಹೋಗಬೇಕು, ನನ್ನ ಗಂಡ ಹೊರಗೆ ಬರಬೇಕು. ಬೇರೆ ಯಾರ ಮೇಲೂ ನನಗೆ ಹಗೆ ಇಲ್ಲ.

ಫೆಬ್ರವರಿ ೧೮, ಶನಿವಾರ

ಈ ವಾರ ಮೆಟ್ಟಿಲು ಗುಡಿಸುವ ಸರದಿ ಮೂರನೆಯ ಮಹಡಿಯ ತಮ್ತಾಳದು. ಸರದಿಯ ಫಲಕವನ್ನು ಅವಳ ಬಾಗಿಲಿಗೆ ನಾನೇ ತೂಗುಹಾಕಿ ಬಂದೆ. ಈ ಕಟ್ಟಡದಲ್ಲಿ ಎಲ್ಲರಿಗಿಂತ ಹಳಬರು ನಾವು, ಮೂವತ್ತೊಂದು ವರ್ಷ. ಹಾಗಾಗಿ ಗುಡಿಸುವ ವಾರದ ಪುಸ್ತಕ ನನ್ನ ಕೈಯಲ್ಲಿದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಗುಡಿಸಿದರು, ಒರೆಸಿದರು, ಕಂಬಿಯ ಕೆಳಭಾಗ ಒರೆಸಿದರೋ ಇಲ್ಲವೋ, ಎಲ್ಲವೂ ಅದರಲ್ಲಿದೆ. ಒಂದನೆಯ ಮಹಡಿಯ ಮಾಸ್ತರರು ಇದನ್ನು ನೋಡಿ ನಗುತ್ತಾರೆ. ನಗಲಿ. ಅವರ ವಾರದಲ್ಲಿ ಮೂಲೆಮೂಲೆಯಲ್ಲೂ ಧೂಳು.

ತಮ್ತಾ ಜಾರ್ಜಿಯಾದವಳು, ಇಪ್ಪತ್ತಾರು ವರ್ಷ. ಜರ್ಮನಿಗೆ ಬಂದು ಐದಾಯಿತು, ನಮ್ಮ ಮೇಲೆ ಬಾಡಿಗೆಗೆ ಬಂದು ನಾಲ್ಕು. ಅವಳ ಅರ್ಜಿಯೂ ತಿರಸ್ಕಾರವಾದದ್ದೇ. ಸದ್ಯಕ್ಕೆ ಸಹಿಸಿಕೊಂಡಿದ್ದೇವೆ ಎಂದು ಕಚೇರಿಯವರು ಮೂರು ಮೂರು ತಿಂಗಳಿಗೆ ಒಂದು ಕಾಗದ ಕೊಡುತ್ತಾರೆ, ಅದರ ಮೇಲೆ ಇದ್ದಾಳೆ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ. ಪಾಳಿ ಮುಗಿಸಿ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಮೆಟ್ಟಿಲು ಹತ್ತುತ್ತಾಳೆ, ಬೂಟು ಕೈಯಲ್ಲಿ ಹಿಡಿದುಕೊಂಡು, ನಮಗೆ ಸದ್ದಾಗಬಾರದೆಂದು. ಕಂಬಿಯ ಕೆಳಭಾಗವನ್ನೂ ಒರೆಸುತ್ತಾಳೆ, ಇದ್ದದ್ದನ್ನು ಇದ್ದಂತೆ ಬರೆಯಬೇಕು.

ಇವತ್ತು ಚೀಸ್ ತುಂಬಿದ ರೊಟ್ಟಿ ತಂದುಕೊಟ್ಟಳು. ಶನಿವಾರವೆಂದು ನಾನು ಬೇಳೆ ಬೇಯಿಸಿ ಶ್ಪೆಟ್ಸ್ಲೆ ಶಾವಿಗೆ ಒತ್ತಿಟ್ಟಿದ್ದೆ. ಎರ್ವಿನ್ ಅದನ್ನು ಬಿಟ್ಟು ರೊಟ್ಟಿ ಎರಡು ತುಂಡು ತಿಂದ. ಅವಳು ಅವನನ್ನು 'ಬಾಬುವಾ' ಎನ್ನುತ್ತಾಳೆ. ಅವರ ಭಾಷೆಯಲ್ಲಿ ಅಜ್ಜ ಎಂದಂತೆ. ನಾನು ಮಾತ್ರ ಅವಳಿಗೆ ಫ್ರೌ ರೋಮಿಂಗರ್, ಶ್ರೀಮತಿಯವರೇ ಎಂದಂತೆ. ಮಕ್ಕಳೇ ಇಲ್ಲದವನಿಗೆ ಮೊಮ್ಮಗಳು ಎಲ್ಲಿಂದ ಬಂದಳೋ.

ಮಾರ್ಚ್ ೨, ಗುರುವಾರ

ಆ ಮನುಷ್ಯನನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಲು ವಿದೇಶಿಯರ ಕಚೇರಿಗೆ ಹೋಗಿದ್ದೆ. ಚೀಟಿ ಸಂಖ್ಯೆ ನಲವತ್ತೇಳು. ಎರಡು ಗಂಟೆ ಕಾದ ಮೇಲೆ ಸಿಕ್ಕಿದ ಗುಮಾಸ್ತ ನನ್ನ ಮಗನ ವಯಸ್ಸಿನವನು, ಮಗ ಇದ್ದಿದ್ದರೆ. ಕಾಗಕ್ಕ ಗುಬ್ಬಕ್ಕನ ಕಥೆ ಹೇಳಲು ಶುರುಮಾಡಿದ. ಮೇಲ್ಮನವಿ ಬಾಕಿ ಇದೆ, ಗುರುತು ಖಚಿತವಾಗಿಲ್ಲ, ರಾಯಭಾರ ಕಚೇರಿಯಿಂದ ಉತ್ತರವಿಲ್ಲ. ಅಲ್ಲದೆ ಅವನು ಯುರೋಪಿನಲ್ಲಿ ಮೊದಲು ಬಂದಿಳಿದ ದೇಶಕ್ಕೆ ಒಪ್ಪಿಸಲು ಪೊಲೀಸರು ಎರಡು ಸಲ ಅವನ ಹಾಸ್ಟೆಲಿಗೆ ಹೋಗಿದ್ದರಂತೆ, ಹಾಸಿಗೆ ಖಾಲಿ.

"ಸಿಗಲ್ಲ ಅಂದ್ರೆ ನಾವೇನು ಮಾಡೋದು ಹೇಳಿ. ಜನ ಎಲ್ಲಿರ್ತಾರೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಎಂದ.

ನಾನು ಬಸ್ಸಿಳಿದು ಬರುವಾಗ ಆ ಮೂರು ಹೆಸರಿನವನು ಸೂಪರ್ ಮಾರುಕಟ್ಟೆಯ ಮುಂದಿನ ಗೋಡೆಯ ಮೇಲೆ ಕೂತು ಸೂರ್ಯಕಾಂತಿ ಬೀಜ ತಿಂದು ಸಿಪ್ಪೆ ಉಗುಳುತ್ತಿದ್ದ. ಅವನನ್ನು ಹುಡುಕಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಮನೆಗೆ ಬಂದು ರಕ್ತದೊತ್ತಡ ನೋಡಿದೆ: ೧೭೮.

ಮಾರ್ಚ್ ೯, ಗುರುವಾರ

ಪುರಭವನದ ಮುಂದೆ, ವಿದೇಶಿಯರನ್ನು ವಾಪಸು ಕಳಿಸಬೇಕೆಂದು ಡ್ರೈವಿಂಗ್ ಶಾಲೆಯ ಶ್ಟೋಲ್ ಗುರುವಾರ ಗುರುವಾರ ಸೇರಿಸುವ ಜನರ ನಡುವೆ ನಾನೂ ನಿಂತೆ. ಐವತ್ತು ಅರವತ್ತು ಮಂದಿ ಇದ್ದರು. ಕೆಲವರ ಬಾಯಲ್ಲಿ ಬಂದ ಮಾತು ನನಗೆ ಹಿಡಿಸಲಿಲ್ಲ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಅಟ್ಟಬೇಕು ಎನ್ನುವವರೂ ಇದ್ದರು. ಆದರೆ ಶ್ಟೋಲ್ ಧ್ವನಿವರ್ಧಕ ನನ್ನ ಕೈಗೆ ಕೊಟ್ಟು, ನಿಮ್ಮ ಯಜಮಾನರ ಕಥೆ ಹೇಳಿ ಎಂದ. ಹೇಳಿದೆ. ಹಾಡಿನ ಪುಸ್ತಕ, ಅರ್ಧ ಸೇಬು, ಹದಿನೇಳು ತಿಂಗಳಿಂದ ಮನೆಯಿಂದ ಹೊರಗೆ ಬರದ ಗಂಡ. ಚಪ್ಪಾಳೆ ತಟ್ಟಿದರು. ಅಂಗಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಾಲರು ಹೊಲಿದವಳಿಗೆ ಯಾರೂ ಒಂದು ಸಲವೂ ಚಪ್ಪಾಳೆ ತಟ್ಟಿರಲಿಲ್ಲ.

ಆಮೇಲೆ ಒಂದೊಂದು ಲೋಟ ವೈನ್ ಹಿಡಿದು, ಇನ್ನು ಮೇಲೆ ನಾವು 'ನೀನು' ಎಂದೇ ಕರೆದುಕೊಳ್ಳೋಣ ಎಂದ ಶ್ಟೋಲ್. ಸರಿ ಎಂದೆ. ಪರಿಚಯವಾಗಿ ಎರಡು ಗಂಟೆಯಾಗಿತ್ತಷ್ಟೆ.

ಮಾರ್ಚ್ ೨೮, ಮಂಗಳವಾರ

ಮಾರುಕಟ್ಟೆಯಿಂದ ಬಂದರೆ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗಿನ ಬಿಸಿಯೆಲ್ಲ ಹೊರಗೆ. ಎರ್ವಿನ್ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ, ತಮ್ತಾ ಎರಡು ಮೆಟ್ಟಿಲು ಕೆಳಗೆ. ಅವಳು ಅವನ ಕೈ ಹಿಡಿದಿರಲಿಲ್ಲ, ಸುಮ್ಮನೆ ಏನೋ ಮಾತಾಡುತ್ತ ನಿಂತಿದ್ದಳು. ಬಾಗಿಲು ತೆರೆದಿಟ್ಟರೆ ಬಿಸಿ ಹೋಗುತ್ತದೆಂದು ಇಬ್ಬರಿಗೂ ಹೇಳಿದೆ.

ಏಪ್ರಿಲ್ ೧೬, ಭಾನುವಾರ

ಇವತ್ತು ತಮ್ತಾಳವರ ಈಸ್ಟರ್, ನಮ್ಮದಕ್ಕಿಂತ ಒಂದು ವಾರ ತಡ. ಕೆಂಪು ಬಣ್ಣದ ಮೊಟ್ಟೆ ಕೊಟ್ಟಳು. ಎರ್ವಿನ್ ಅವಳ ಜತೆ ಕಟ್ಟಡದ ಕೆಳಬಾಗಿಲವರೆಗೆ ಇಳಿದುಹೋಗಿ ಟಪಾಲು ಪೆಟ್ಟಿಗೆ ಮುಟ್ಟಿ ಬಂದನಂತೆ. ಅವನೇ ಹೇಳಿದ, ಊಟದ ಹೊತ್ತಿನಲ್ಲಿ, ಎರಡು ಸಲ. ನಾನು ಶ್ಟೋಲ್‌ನ ಗ್ಯಾರೇಜಿನಲ್ಲಿ ಫಲಕ ಬರೆಯುತ್ತಿದ್ದೆ. 'ಇನ್ನೆಷ್ಟು ದಿನ?' ಎಂದು ಕೆಂಪಕ್ಷರದಲ್ಲಿ ಬರೆದೆ. ಬಣ್ಣ ಇನ್ನೂ ಒಣಗಿಲ್ಲ, ಗುರುವಾರದೊಳಗೆ ಎರಡನೆಯ ಸಲ ಹಚ್ಚಬೇಕು.

ಮೇ ೧೩, ಶನಿವಾರ

ತಮ್ತಾ ಇವತ್ತು ಕೆಳಗೆ ಬಂದು ಅಡುಗೆಮನೆಯಲ್ಲಿ ಕೂತಳು. ವೃದ್ಧಾಶ್ರಮದವರು ಅವಳನ್ನು ಸೆಪ್ಟೆಂಬರ್ ಒಂದರಿಂದ ದಾದಿಯ ತರಬೇತಿಗೆ ತೆಗೆದುಕೊಳ್ಳುತ್ತಾರಂತೆ. ಒಪ್ಪಂದಕ್ಕೆ ಸಹಿಯಾಗಿದೆ. ಕಚೇರಿ ಒಂದು ಒಪ್ಪಿಗೆ ಕೊಟ್ಟರೆ ಮೂರು ವರ್ಷ ಯಾರೂ ಅವಳನ್ನು ಕಳಿಸುವಂತಿಲ್ಲ. ಅರ್ಜಿ ಕೊಟ್ಟು ನಾಲ್ಕು ತಿಂಗಳಾದರೂ ಮೇಜಿನಿಂದ ಮೇಜಿಗೆ ಹೋಗಿಲ್ಲ.

"ನೀವು ಅಲ್ಲಿಗೆ ಹೋಗ್ತಾ ಇರ್ತೀರಲ್ಲ ಫ್ರೌ ರೋಮಿಂಗರ್. ನನ್ನ ಕಾಗದ ಎಲ್ಲಿದೆ ಅಂತ ಒಂದು ಮಾತು ಕೇಳ್ತೀರಾ? ನಾನು ಕೇಳಿದ್ರೆ ಕಾಯಿರಿ ಅಂತಾರೆ. ನೀವು ಕೇಳಿದ್ರೆ ಎದ್ದು ಹುಡುಕ್ತಾರೆ."

ನಾನು ಅಲ್ಲಿಗೆ ಹೋಗುವುದು ಜನರನ್ನು ಕಳಿಸಿ ಎಂದು ಹೇಳಲು. ಅದೇ ಬಾಯಲ್ಲಿ ಒಬ್ಬಳನ್ನು ಇಟ್ಟುಕೊಳ್ಳಿ ಎಂದರೆ ನನ್ನ ಮಾತಿಗೆ ಏನು ತೂಕ ಉಳಿಯುತ್ತದೆ? ನೋಡೋಣ ಎಂದೆ. ಎರ್ವಿನ್ ನನ್ನ ಮುಖವನ್ನೇ ನೋಡುತ್ತಿದ್ದ.

ಮೊನ್ನೆ ಶ್ಟೋಲ್ ಕೇಳಿದ: "ನಿನ್ನ ಮನೆ ಮೇಲೂ ಒಬ್ಬಳು ಇದಾಳಂತೆ?" ಅವಳು ಬೇರೆ ಥರ, ದುಡಿಯುತ್ತಾಳೆ, ಮೆಟ್ಟಿಲು ಚೆನ್ನಾಗಿ ಒರೆಸುತ್ತಾಳೆ ಎಂದೆ. ಶ್ಟೋಲ್ ನಕ್ಕ. ಎಲ್ಲರಿಗೂ ತಮ್ಮ ಮನೆಯ ಮೇಲಿನವರು ಬೇರೆ ಥರವೇ, ಅದಕ್ಕೇ ಯಾರೂ ಹೋಗುವುದಿಲ್ಲ ಎಂದ. ಆ ಮಾತು ತಲೆಯಲ್ಲಿ ಕೊರೆಯುತ್ತಿದೆ. ತಪ್ಪೇನೂ ಹೇಳಲಿಲ್ಲ.

ಜೂನ್ ೨೧, ಬುಧವಾರ

ಐದನೆಯ ಸಲ. ಈ ಸಲ ಆ ಮನುಷ್ಯ ಬಂದಿದ್ದ, ಬೇಕರಿಯ ಹುಡುಗಿಯೂ ಬಂದಿದ್ದಳು. ಆದರೆ ಅವನ ಹೆಸರೇ ತಪ್ಪು, ಆರೋಪಪಟ್ಟಿ ಬೇರೆ ಹೆಸರಿನಲ್ಲಿದೆ ಎಂದು ವಕೀಲ ತಕರಾರು ತೆಗೆದ. ಅರ್ಧ ಗಂಟೆಯಲ್ಲಿ ಎಲ್ಲರೂ ಎದ್ದರು. ಮುಂದಿನ ದಿನಾಂಕ ತಿಳಿಸುತ್ತಾರಂತೆ.

ಹೊರಗೆ ಬರುವಾಗ ಅವನು ನನಗಿಂತ ಮುಂದಿದ್ದ. ಗಾಜಿನ ದೊಡ್ಡ ಬಾಗಿಲನ್ನು ಹಿಡಿದು ನಿಂತ, ನಾನು ದಾಟಲೆಂದು. ನಾನು ಯಾರೆಂದು ಅವನಿಗೆ ತಿಳಿಯದು. ಸವೆದ ಬೂಟು, ಕೆಮ್ಮು. ನನಗೆ ಮೈ ಉರಿದುಹೋಯಿತು. ಬಾಗಿಲು ಮುಚ್ಚುವವರೆಗೆ ನಾನು ಕದಲಲಿಲ್ಲ, ಆಮೇಲೆ ನನ್ನ ಕೈಯಿಂದಲೇ ತೆರೆದುಕೊಂಡು ಬಂದೆ. ಇವರಿಗೆ ನಮ್ಮ ಬಾಗಿಲು ಹಿಡಿಯುವ ಅಧಿಕಾರ ಯಾರು ಕೊಟ್ಟರು? ಇವರೆಲ್ಲ ಇಲ್ಲಿಯೇ ಹುಟ್ಟಿ ಬೆಳೆದವರಂತೆ ಓಡಾಡುತ್ತಾರೆ. ಒಬ್ಬರನ್ನಾದರೂ, ಒಂದೇ ಒಂದು ಸಲವಾದರೂ, ಕಳಿಸಿ ತೋರಿಸಲಿ.

ಜುಲೈ ೩, ಸೋಮವಾರ

ಮೂರು ದಿನ ಕೂತು ಕಚೇರಿಗೆ ಪತ್ರ ಬರೆದು ಮುಗಿಸಿದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಮುಖ್ಯ ಭಾಗವನ್ನು ಇಲ್ಲಿಯೂ ಇಳಿಸಿಕೊಳ್ಳುತ್ತೇನೆ:

'ಮಾನ್ಯರೇ, ಕಳಿಸಬೇಕಾದವರು ವಿಳಾಸದಲ್ಲಿ ಸಿಗುವುದಿಲ್ಲವೆಂದು ನೀವು ನನಗೆ ಮೂರು ಸಲ ಹೇಳಿದ್ದೀರಿ. ಮನಸ್ಸಿದ್ದರೆ ಯಾರು ಯಾವಾಗ ಎಲ್ಲಿರುತ್ತಾರೆಂದು ತಿಳಿಯುವುದು ಕಷ್ಟವಲ್ಲ. ಉದಾಹರಣೆಗೆ, ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ವಾಸವಿರುವ, ನಿಮ್ಮಿಂದಲೇ ತಾತ್ಕಾಲಿಕ ಕಾಗದ ಪಡೆದಿರುವ ತಮ್ತಾ ಲೊಮಿಡ್ಜೆ ಎಂಬುವರು ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಪಾಳಿಯಿಂದ ಹಿಂದಿರುಗುತ್ತಾರೆ. ಏಳೂವರೆಗೆ ಖಂಡಿತವಾಗಿ ಮನೆಯಲ್ಲಿರುತ್ತಾರೆ, ಎಂಟಕ್ಕೆ ಮಲಗುತ್ತಾರೆ. ಇದನ್ನು ನಾನು ಮೆಟ್ಟಿಲು ಗುಡಿಸುವ ಪುಸ್ತಕವೊಂದರಿಂದಲೇ ಹೇಳಬಲ್ಲೆ. ಒಬ್ಬ ನಿವೃತ್ತ ಕಾರ್ಮಿಕಳಿಗೆ ಸಾಧ್ಯವಾದದ್ದು ಇಷ್ಟು ದೊಡ್ಡ ಕಚೇರಿಗೆ ಏಕೆ ಸಾಧ್ಯವಿಲ್ಲ?'

ಓದಿದರೆ ಆ ಗುಮಾಸ್ತನ ಕಿವಿ ಕೆಂಪಾಗಬೇಕು. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ನಕಲನ್ನು ಹಸಿರು ಫೈಲಿಗೆ ಹಾಕಿದೆ.

ಜುಲೈ ೧೮, ಮಂಗಳವಾರ

ಕರಂಟ್ ಹಣ್ಣಿನ ಜಾಮ್ ಕಾಯಿಸಿದೆ, ಹನ್ನೊಂದು ಬಾಟಲಿ.

ಎರ್ವಿನ್ ಬೇಕರಿಗೆ ಹೋಗಿದ್ದ. ತಮ್ತಾ ಜತೆಗಿದ್ದಳು, ಆದರೆ ಬ್ರೆಡ್ ಕೇಳಿದ್ದು ಅವನೇ, ಕೊಂಡದ್ದು ಅವನೇ. ಗಂಟಿನ ಆಕಾರದ ಉಪ್ಪು ಬ್ರೆಡ್ಡು, ಬ್ರೆಟ್ಸೆಲ್, ಐದು ತಂದಿದ್ದ. ಇಬ್ಬರಿಗೆ ಐದು ಯಾಕೆ ಎಂದೆ. ಆಮೇಲೆ ನೆನಪಾಯಿತು, ನಾಡಿದ್ದು ಗುರುವಾರ ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆ. ಎರಡು ವರ್ಷದಿಂದ ಹೊರಗೆ ಬರದ ಮನುಷ್ಯ ಕಿಟಕಿಯಲ್ಲಿ, ಹೀಗೆ ಶೀರ್ಷಿಕೆಯಂತೆ. ಶ್ಟೋಲ್ ತುಂಬ ಓಡಾಡಿ ಒಪ್ಪಿಸಿದ್ದಾನೆ.

"ಗುರುವಾರದ ತನಕ ಹೊರಗೆ ಹೋಗ್ಬೇಡ ಎರ್ವಿನ್. ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ?"

ಅವನು ಬ್ರೆಟ್ಸೆಲ್ ಕೆಳಗಿಟ್ಟ. "ಅವನು ಹೋದ ಮೇಲೆ ಹೊರಗೆ ಬರ್ತೀನಿ ಅಂದಿದ್ದೆ. ಅವನು ಹೋಗೋಕೆ ಮುಂಚೇನೇ ಬಂದ್ರೆ ನಿನಗೆ ತೊಂದ್ರೆನಾ?"

ತೊಂದರೆಯ ಮಾತಲ್ಲ, ಎರಡು ದಿನದ ಮಾತು ಎಂದೆ. ಇಷ್ಟೆಲ್ಲ ನಾನು ಯಾರಿಗಾಗಿ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತೇ ಇಲ್ಲ.

ಜುಲೈ ೨೦, ಗುರುವಾರ

ಫೋಟೋ ಚೆನ್ನಾಗಿ ಬಂತು. ಸ್ವಲ್ಪ ಪಕ್ಕಕ್ಕೆ, ಪರದೆಯ ಹಿಂದೆ ನಿಲ್ಲಿ ಎಂದರು. ನಿಂತ.

ಆಗಸ್ಟ್ ೧, ಮಂಗಳವಾರ

ಬೆಳಿಗ್ಗೆ ಏಳೂವರೆಗೆ ಕರೆಗಂಟೆ. ಕೆಳಬಾಗಿಲಲ್ಲಿ ನಾಲ್ವರು ಪೊಲೀಸರು. ಮೂರನೆಯ ಮಹಡಿ ಎಂದರು. ನಾನೇ ಗುಂಡಿ ಒತ್ತಿ ಬಾಗಿಲು ತೆರೆದೆ. ಬಂದವರು ಕಾಲು ಒರೆಸಿಕೊಂಡು ಹತ್ತಿದರು, ಅದನ್ನೂ ಬರೆಯಬೇಕು.

ಅರ್ಧ ಗಂಟೆ ಮೇಲಿನಿಂದ ಸದ್ದು. ಕಪಾಟು ತೆರೆದದ್ದು, ಮುಚ್ಚಿದ್ದು, ನಲ್ಲಿ. ಜೋರು ಮಾತೇನೂ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಕಾವಲು ನಿಂತಿದ್ದ ಚಿಕ್ಕ ವಯಸ್ಸಿನ ಪೊಲೀಸಿನವಳಿಗೆ ಒಂದು ಲೋಟ ನೀರು ಕೊಟ್ಟೆ. ಸೆಕೆ ಇತ್ತು. ಮಾತಿಗೆ ಮಾತು ಎಂದು ಹೇಳಿದಳು: "ಹತ್ತು ಸಲ ಹೋದ್ರೆ ಏಳು ಸಲ ಹಾಸಿಗೆ ಖಾಲಿ ಇರುತ್ತೆ. ಈ ಸಲ ವಾರ, ವೇಳೆ, ಎಲ್ಲ ಸರಿಯಾಗಿ ಬರೆದುಕೊಟ್ಟಿದ್ರು."

ನಾನು ಲೋಟ ವಾಪಸು ತೆಗೆದುಕೊಂಡೆ. ಯಾರು ಬರೆದದ್ದೆಂದು ಅವಳಿಗೆ ತಿಳಿದಿರಲಿಲ್ಲ. ನನ್ನದು ಉದಾಹರಣೆ. ಉದಾಹರಣೆ ಎಂಬ ಪದವನ್ನೇ ಬಳಸಿದ್ದೇನೆ, ನಕಲು ತೆಗೆದು ಎರಡು ಸಲ ನೋಡಿದೆ. ಉದಾಹರಣೆಗೂ ಅರ್ಜಿಗೂ ವ್ಯತ್ಯಾಸ ತಿಳಿಯದವರು ಕಚೇರಿಯಲ್ಲಿ ಕೂತರೆ ನಾನೇನು ಮಾಡಲಿ?

ತಮ್ತಾ ಒಂದು ಚಕ್ರದ ಪೆಟ್ಟಿಗೆ, ಒಂದು ಕೈಚೀಲ ಹಿಡಿದು ಇಳಿದಳು. ಆಶ್ರಮದ ನೀಲಿ ಅಂಗಿಯಲ್ಲೇ ಇದ್ದಳು. ನಮ್ಮ ಬಾಗಿಲ ಮುಂದೆ ನಿಂತಳು, ಪೊಲೀಸರು ಬಿಟ್ಟರು.

"ಫ್ರೌ ರೋಮಿಂಗರ್, ಮುಂದಿನ ವಾರ ಮೆಟ್ಟಿಲು ನನ್ನ ಸರದಿ. ಬೇರೆ ಯಾರಿಗಾದ್ರೂ ಹೇಳ್ಬೇಕಾಗುತ್ತೆ. ಕ್ಷಮಿಸಿ."

ಸರಿ ಎಂದೆ.

"ಬಾಬುವಾ ಎದ್ದಿದ್ದಾರಾ?"

ಮಲಗಿದ್ದಾನೆ ಎಂದೆ. ಒಳಗೆ ಅವನು ಕಪ್ಪು ಕೆಳಗಿಟ್ಟ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಅವಳು ತಲೆಯಾಡಿಸಿ ಪೆಟ್ಟಿಗೆ ಎತ್ತಿಕೊಂಡಳು. ಸ್ಟುಟ್‌ಗಾರ್ಟ್‌ನಿಂದ ಮಧ್ಯಾಹ್ನವೇ ವಿಮಾನವಂತೆ.

ಎರ್ವಿನ್ ಕಿಟಕಿಯಿಂದ ಎಲ್ಲ ನೋಡಿದ್ದ. ಮಾತ್ರೆ ಕೊಟ್ಟೆ, ನುಂಗಿದ.

ಆಗಸ್ಟ್ ೩, ಗುರುವಾರ

ಪುರಭವನದ ಮುಂದೆ ಈ ಸಲ ಇನ್ನೂರು ಮಂದಿ. ಫೋಟೋ ನೋಡಿ ಬಂದವರು ಬಹಳ. ಶ್ಟೋಲ್ ಧ್ವನಿವರ್ಧಕದಲ್ಲಿ, ಈ ವಾರ ನಮ್ಮ ಜಿಲ್ಲೆಯಿಂದ ಹನ್ನೊಂದು ಜನರನ್ನು ವಾಪಸು ಕಳಿಸಿದ್ದಾರೆ, ಇದು ನಮ್ಮ ಒತ್ತಡಕ್ಕೆ ಸಿಕ್ಕ ಜಯ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೂರು ಹೆಸರಿನವನು ಆ ಹನ್ನೊಂದರಲ್ಲಿ ಇದ್ದಾನೆಯೇ ಎಂದು ಕೇಳಿದೆ. ಇಲ್ಲವಂತೆ. ಯಂತ್ರ ಈಗ ತಿರುಗಲು ಶುರುವಾಗಿದೆ, ಅವನ ಸರದಿಯೂ ಬರುತ್ತದೆ ಎಂದ.

ಆಗಸ್ಟ್ ೯, ಬುಧವಾರ

ಕಚೇರಿಯಿಂದ ನನ್ನ ಪತ್ರಕ್ಕೆ ಉತ್ತರ ಬಂತು. ನಾಲ್ಕೇ ಸಾಲು. ಜುಲೈ ಮೂರರ ನಿಮ್ಮ ಉಪಯುಕ್ತ ಮಾಹಿತಿಗಾಗಿ ಧನ್ಯವಾದಗಳು, ಅಗತ್ಯ ಕ್ರಮ ಕೈಗೊಳ್ಳಲಾಗಿದೆ. ಇಷ್ಟು ವರ್ಷದಲ್ಲಿ ಅವರು ನನಗೆ ಧನ್ಯವಾದ ಹೇಳಿದ್ದು ಇದೇ ಮೊದಲು. ಹಸಿರು ಫೈಲಿಗೆ ಹಾಕಿದೆ.

ಎರ್ವಿನ್ ಸರಿಯಾಗಿ ಉಣ್ಣುತ್ತಿಲ್ಲ. ಬಾಗಿಲ ಹತ್ತಿರವೂ ಬರುತ್ತಿಲ್ಲ. ಮತ್ತೆ ಮೊದಲಿನಂತಾಗಿದ್ದಾನೆ. ನಾನು ಆವತ್ತಿನಿಂದ ಹೇಳುತ್ತಿದ್ದೆನಲ್ಲ, ಆ ಮನುಷ್ಯ ಊರಲ್ಲಿರುವ ತನಕ ಇವನು ಸರಿಹೋಗುವುದಿಲ್ಲ ಎಂದು.

ಗುಡಿಸುವ ವಾರ ನಾನೇ ಮಾಡಿದೆ, ಮೂರನೆಯ ಮಹಡಿಯ ಲೆಕ್ಕದಲ್ಲಿ. ಮಂಡಿ ನೋವು.

ಸೆಪ್ಟೆಂಬರ್ ೧, ಶುಕ್ರವಾರ

ತಮ್ತಾಳ ಹೆಸರಿಗೆ ಕಚೇರಿಯಿಂದ ಲಕೋಟೆ. ಟಪಾಲಿನವನು ನಮ್ಮ ಪೆಟ್ಟಿಗೆಗೆ ಹಾಕಿ ಹೋಗಿದ್ದ. ಎರ್ವಿನ್ ಒಡೆದು ಓದಿದ. ಬೇರೆಯವರ ಟಪಾಲು ಒಡೆಯಬಾರದು ಎಂದೆ, ಕೇಳಿಸಿಕೊಳ್ಳಲಿಲ್ಲ. ತರಬೇತಿಯ ಅರ್ಜಿ ಪರಿಶೀಲನೆಯಲ್ಲಿದೆ, ಎರಡು ಭಾವಚಿತ್ರದೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು ಎಂದಿತ್ತು. ಒಂದು ಕೋಣೆಯವರಿಗೆ ಪಕ್ಕದ ಕೋಣೆಯವರು ಮಾಡಿದ್ದು ತಿಳಿಯದು. ಇದನ್ನೇ ನಾನು ಎರಡು ವರ್ಷದಿಂದ ಹೇಳುತ್ತಿರುವುದು.

ಇದನ್ನು ಅವಳಿಗೆ ಕಳಿಸಬೇಕು, ಅಲ್ಲಿಂದಾದರೂ ಏನಾದರೂ ಮಾಡಬಹುದು ಎಂದ ಎರ್ವಿನ್. ಎರಡು ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಆಶ್ರಮದವರಿಂದ ಅವಳ ವಿಳಾಸ ಕೇಳುತ್ತೇನೆ ಎಂದು ಫೋನ್ ಹಿಡಿದು ಕೂತ. ನಾನು ಟೊಮೆಟೊ ತರಲು ಹೋದೆ.

ಸೆಪ್ಟೆಂಬರ್ ೨, ಶನಿವಾರ

ದೊಡ್ಡ ಲಕೋಟೆ ಹುಡುಕಲು ಎರ್ವಿನ್ ಹಸಿರು ಫೈಲು ತೆಗೆದಿದ್ದಾನೆ, ನಿನ್ನೆ ನಾನಿಲ್ಲದಾಗ. ಖಾಲಿ ಲಕೋಟೆಗಳನ್ನು ಅದರ ಹಿಂಬದಿಯಲ್ಲೇ ಇಟ್ಟಿರುತ್ತೇನೆ. ಇವತ್ತು ಊಟಕ್ಕೆ ಕೂತಾಗ ಪತ್ರದ ನಕಲನ್ನು ಬೇಳೆಯ ಪಾತ್ರೆಯ ಪಕ್ಕ ಇಟ್ಟ.

ಅದು ಉದಾಹರಣೆ ಎಂದು ಹೇಳಿದೆ. ಅವರು ಹಾಗೆ ತಿಳಿದುಕೊಳ್ಳುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು ಎಂದೆ. ಎಲ್ಲವನ್ನೂ ನಿನಗಾಗಿಯೇ ಮಾಡಿದ್ದು ಎಂದೆ. ನನ್ನ ಧ್ವನಿ ಜೋರಾಗಿತ್ತು, ಒಂದನೆಯ ಮಹಡಿಯವರೆಗೂ ಕೇಳಿಸಿರಬೇಕು.

ಅವನ ಕೈ ಇವತ್ತು ನಡುಗಲಿಲ್ಲ. ಮೆಲ್ಲಗೆ ಹೇಳಿದ: "ನನ್ನ ತಲೆಗೆ ಹೊಡೆದವನಿಗೆ ನಾನು ಯಾರು ಅಂತ ಗೊತ್ತಿರ್ಲಿಲ್ಲ ಲಿಂಡೆ. ನಿನಗೆ ಅವಳು ಯಾರು ಅಂತ ಗೊತ್ತಿತ್ತು."

ಬೇಳೆ ಆರಿಹೋಯಿತು. ಇಬ್ಬರೂ ತಿನ್ನಲಿಲ್ಲ. ಇವನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತಿಳಿಯದು. ನಾನು ಕೋರ್ಟಿನ ಬೆಂಚಿನ ಮೇಲೆ ಐದು ಸಲ ಕೂತವಳು.

ಸೆಪ್ಟೆಂಬರ್ ೫, ಮಂಗಳವಾರ

ಮುಂದಿನ ದಿನಾಂಕ ಕೇಳಲು ಬೆಳಿಗ್ಗೆ ಕೋರ್ಟಿಗೆ ಹೋಗಿದ್ದೆ. ಜನವರಿಯಂತೆ. ಖಚಿತವಲ್ಲವಂತೆ.

ಮನೆಗೆ ಬಂದಾಗ ಹನ್ನೆರಡೂವರೆ. ಎರ್ವಿನ್ ಇರಲಿಲ್ಲ. ಕೋಣೆ, ಬಚ್ಚಲು, ನೆಲಮಾಳಿಗೆ, ಎಲ್ಲ ನೋಡಿದೆ. ಮೇಲಿನ ಖಾಲಿ ಮನೆಯ ಬಾಗಿಲನ್ನೂ ತಟ್ಟಿದೆ, ಯಾಕೋ. ಅವನ ಚಳಿಗಾಲದ ಕೋಟು ಇಲ್ಲ, ಚಿಕ್ಕ ಸೂಟ್‌ಕೇಸ್ ಇಲ್ಲ, ಮಾತ್ರೆಯ ಡಬ್ಬಿ ಇಲ್ಲ. ಬೇಕರಿಯ ಹುಡುಗಿಯನ್ನು ಕೇಳಿದೆ. ಹತ್ತು ಗಂಟೆಗೆ ಒಂದು ಬ್ರೆಟ್ಸೆಲ್ ತೆಗೆದುಕೊಂಡು ಹೋದರು, ಒಬ್ಬರೇ ಇದ್ದರು, ಚೆನ್ನಾಗಿದ್ದರು ಎಂದಳು.

ಮೂರು ಗಂಟೆಗೆ ಉಲ್ಮ್ ಊರಿನಿಂದ ಅವನ ತಂಗಿ ಹೆಡ್ವಿಗ್ ಫೋನ್ ಮಾಡಿದಳು. ಬಂದು ತಲುಪಿದ್ದಾನಂತೆ. ಊಟ ಮಾಡಿ ಮಲಗಿದ್ದಾನಂತೆ. ಯಾವಾಗ ವಾಪಸು ಬರುತ್ತಾನೆ ಎಂದು ಕೇಳಿದೆ. ಚಳಿಗಾಲದ ಕೋಟೂ ತಂದಿದ್ದಾನೆ ಎಂದಳು. 'ಅವಳು ಬರೆಯುವುದನ್ನು ಮುಗಿಸಲಿ' ಎಂದನಂತೆ.

ಅವನಿಗೆ ಪೆಟ್ಟು ಬಿದ್ದ ಆ ಬಸ್ ನಿಲ್ದಾಣದಿಂದ ಹೇಗೆ ಹೋದ ಎಂದು ಕೇಳಿದೆ. ಬೇರೆ ನಿಲ್ದಾಣವೇ ಇಲ್ಲವಲ್ಲ. ಹೆಡ್ವಿಗ್ ಹೇಳಿದಳು, ಅಲ್ಲಿ ಆ ಮನುಷ್ಯ ಕೂತಿದ್ದನಂತೆ, ಸೂರ್ಯಕಾಂತಿ ಬೀಜ ತಿನ್ನುತ್ತ. ಎರ್ವಿನ್ ನೋಡಿದ ಕೂಡಲೇ ಗುರುತಿಸಿದನಂತೆ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಇರುವುದು ಒಂದೇ ಬೆಂಚು. ಸೂಟ್‌ಕೇಸನ್ನು ಕಾಲ ಹತ್ತಿರ ಇಟ್ಟುಕೊಂಡು ಅವನ ಪಕ್ಕದಲ್ಲೇ ಕೂತನಂತೆ.

ಹೆದರಿಕೆಯಾಗಲಿಲ್ಲವಾ ಎಂದು ಹೆಡ್ವಿಗ್ ಕೇಳಿದಳಂತೆ. ಆಯಿತು, ಆದರೆ ವಾಪಸು ಮನೆಗೆ ಹೋಗಲು ಮನಸ್ಸಾಗಲಿಲ್ಲ ಎಂದನಂತೆ.